ಕಾಡು ಕಾಯುವವರಿಗೆ ಕತ್ತಿಯ ದಾನ

ದಾನವೆಂದರೆ ಅನ್ನ, ವಸ್ತ್ರ, ವಿದ್ಯೆ ಎಂದು ಎಣಿಸುವುದು ನಮ್ಮ ರೂಢಿ. ಆ ಸಾಲಿನಲ್ಲಿ ಕತ್ತಿಯ ಹೆಸರು ಬಂದರೆ ಶ್ರೋತೃಗಳಿಗೆ ಕೊಂಚ ಬೆರಗಾಗಬಹುದು. ಹರಿತವಾದ ವಸ್ತುವನ್ನು ಕೈಯಿಂದ ಕೈಗೆ ಕೊಡಬಾರದೆಂದು ಹಿರಿಯರು ಹೇಳುತ್ತಿದ್ದುದೂ ಉಂಟು. ಆದರೂ ಈ ಹೊತ್ತು ನಾವು ಹೇಳಹೊರಟಿರುವುದು ಕತ್ತಿಯ ದಾನವನ್ನು ಕುರಿತೇ. ಅದನ್ನು ಪಡೆಯತಕ್ಕವರು ನಮ್ಮ ಕಾಡುಗಳ ಅರಣ್ಯ ರಕ್ಷಕರು ಮತ್ತು ಅವರ ಕೈಕೆಳಗಿನ ಕಾವಲುಗಾರರು.

ಪಟ್ಟಣಿಗರಾದ ನಾವು ಕಾಡನ್ನು ನೋಡುವುದು ವಾಹನದ ಕಿಟಕಿಯಿಂದ. ಕಾವಲುಗಾರನು ನೋಡುವುದು ಕಾಲ್ನಡಿಗೆಯಲ್ಲಿ. ಬಂಡೀಪುರ, ನಾಗರಹೊಳೆಗಳಲ್ಲಿ ಕಾಡಿನ ನಡುವೆ ಕಳ್ಳಬೇಟೆ ತಡೆಯುವ ಶಿಬಿರಗಳಿವೆ. ಅಲ್ಲಿ ತಂಗಿ ದಿನದಿನವೂ ಗಸ್ತು ತಿರುಗುವವರಿಗೆ ದಾರಿಯೆಂಬುದು ಸಿದ್ಧವಾಗಿ ದೊರೆಯುವ ವಸ್ತುವಲ್ಲ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಹೊರದೇಶದಿಂದ ಬಂದ ಲಾಂಟಾನ ಗಿಡವು ಇಂದು ಈ ಕಾಡುಗಳ ನೆಲವನ್ನು ಮುಳ್ಳಿನ ಪೊದೆಗಳಿಂದ ಮುಚ್ಚಿದೆ. ಅದನ್ನು ಸವರದೆ ಹೆಜ್ಜೆಯಿಡುವಂತಿಲ್ಲ. ಬಿದಿರು ಅಡ್ಡಬಿದ್ದರೆ ಕಡಿಯಬೇಕು, ಸೌದೆ ಸೀಳಬೇಕು, ಬೇಟೆಗಾರರು ಉರುಳಿಗೆಂದು ನೆಟ್ಟ ಗೂಟಗಳನ್ನು ಕಿತ್ತು ತುಂಡರಿಸಬೇಕು.

ಬೇಸಗೆ ಬಂದಿತೆಂದರೆ ಕೆಲಸ ಇನ್ನೂ ಕಠಿನ. ಬಂಡೀಪುರದ್ದು ಎಲೆಯುದುರುವ ಒಣಕಾಡು. ಬೆಂಕಿ ಹಬ್ಬದಂತೆ ಮುಂಚಿತವಾಗಿಯೇ ಗಿಡಗಂಟಿಗಳನ್ನು ಸವರಿ ಬೆಂಕಿರೇಖೆಗಳನ್ನು ತೆಗೆಯುತ್ತಾರೆ. ಅದನ್ನೂ ಮೀರಿ ಕಿಚ್ಚು ಬಂದರೆ ಹಸಿಸೊಪ್ಪಿನ ಕೊಂಬೆಗಳನ್ನು ಕಡಿದು, ಅವುಗಳಿಂದಲೇ ಜ್ವಾಲೆಯನ್ನು ಬಡಿದು ಆರಿಸುವುದುಂಟು. 2017ರ ಫೆಬ್ರವರಿಯಲ್ಲಿ ಅಲ್ಲಿಯ ಕಾಡುಕಿಚ್ಚಿನಲ್ಲಿ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ತೆತ್ತರು. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಕಾಡು ಬೆಂದುಹೋಯಿತು. ಒಳ್ಳೆಯ ಕತ್ತಿಯಿದ್ದಿದ್ದರೆ ಇವೆಲ್ಲ ತಪ್ಪುತ್ತಿದ್ದುವೆಂದು ನಾವು ಹೇಳುವುದಿಲ್ಲ. ಇಂತಹ ಕೆಲಸಕ್ಕೆ ಹೋಗುವವನ ಕೈಯಲ್ಲಿ ಮೊಂಡು ಕತ್ತಿಯಿರಬಾರದು ಎಂದಷ್ಟೇ ಹೇಳುತ್ತೇವೆ. ಹರಿತವಾದ ಅಲಗಿಗಿಂತ ಮೊಂಡಾದ ಅಲಗೇ ಹೆಚ್ಚು ಅಪಾಯಕಾರಿ. ಅದು ಕೊಂಬೆಯನ್ನು ಹಿಡಿಯದೆ ಜಾರಿ ಮೊಣಕಾಲಿಗೆ ಬೀಳುತ್ತದೆ. ವೈದ್ಯನಾದರೋ ಬಹು ದೂರದಲ್ಲಿರುತ್ತಾನೆ.

ಹಾಗಾದರೆ ಒಳ್ಳೆಯ ಕತ್ತಿ ಯಾವುದು? ಹೊಳಪನ್ನು ನೋಡಿ ಮೋಸಹೋಗಬಾರದು. ಗುಣವೆಲ್ಲ ಉಕ್ಕಿನಲ್ಲಿಯೂ ಹದದಲ್ಲಿಯೂ ಇದೆ. ನಮ್ಮ ಕಮ್ಮಾರರು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಬಡಿದು ಕತ್ತಿ ಮಾಡುವುದನ್ನು ಬಲ್ಲವರು ಬಲ್ಲರು. ನೂರಕ್ಕೆ ಸುಮಾರು ಅರ್ಧ ಪಾಲು ಇಂಗಾಲವಿರುವ ಆ ಉಕ್ಕು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದರೆ ಅದು ಗಡುಸಾಗುತ್ತದೆ. ಆದರೆ ಗಾಜಿನಂತೆ ಸಿಡಿಯುವ ಸ್ವಭಾವವೂ ಬರುತ್ತದೆ. ಆದುದರಿಂದ ಮತ್ತೆ ಹದವಾಗಿ ಕಾಯಿಸಿ ಆ ಬಿರುಸನ್ನು ಇಳಿಸಬೇಕು. ಈ ಎರಡನೆಯ ಕಾವಿನಲ್ಲಿಯೇ ಕಮ್ಮಾರನ ಜಾಣತನವೆಲ್ಲ ಅಡಗಿರುವುದು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಅಡುಗೆಮನೆಗೆ ಒಪ್ಪುತ್ತದೆ. ಕಾಡಿನಲ್ಲಿಯಾದರೋ, ದಿನವೂ ಎಣ್ಣೆ ಸವರಬೇಕಾದರೂ, ಸಾಧಾರಣ ಸಾಣೆಕಲ್ಲಿಗೆ ಬೇಗ ಮಣಿಯುವ ಉಕ್ಕೇ ಮೇಲು.

ಈ ವಿದ್ಯೆ ನಮಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬಾತನು ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ದಕ್ಷಿಣದೇಶದ ಉಕ್ಕನ್ನು ಪಾಶ್ಚಾತ್ಯರು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. ಮೈಕೇಲ್ ಫ್ಯಾರಡೆಯಂತಹ ವಿಜ್ಞಾನಿಯೂ ಅದರ ಗುಟ್ಟನ್ನರಸಿ ಪ್ರಯೋಗಗಳನ್ನು ನಡೆಸಿದನು. ಅಂತಹ ನಾಡಿನಲ್ಲಿ ಕಾಡು ಕಾಯುವವನಿಗೆ ನೆಟ್ಟಗಿನ ಒಂದು ಕತ್ತಿ ದೊರೆಯದಿರುವುದು ಶೋಭೆಯಲ್ಲ.

ದಾನಕ್ಕೆ ಪಾತ್ರವರಿತು ಕೊಡಬೇಕೆಂಬ ಮಾತಿದೆ. ಕತ್ತಿಯ ವಿಷಯದಲ್ಲಿ ಕೈಯರಿತು ಕೊಡಬೇಕು. ಮಲೆನಾಡಿನವನು ತುದಿ ಬಾಗಿದ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ನಡೆಯುತ್ತಾನೆ. ಬಯಲುಸೀಮೆಯವನಿಗೆ ಮಚ್ಚು ಒಗ್ಗಿರುತ್ತದೆ. ಕೊಡಗಿನವರ ಕತ್ತಿಯ ರೂಪವೇ ಬೇರೆ. ನಮಗೆ ಚೆಂದವೆನಿಸಿದ್ದನ್ನು ಕೊಂಡುಕೊಡುವುದಕ್ಕಿಂತ ಹಿಡಿಯುವವನನ್ನು ಕೇಳಿ ಮಾಡಿಸುವುದು ವಿವೇಕ. ಬೆವರಿದ ಕೈಯಲ್ಲಿ ಜಾರದ ಹಿಡಿ, ಬಿದ್ದರೂ ಮೈಗೆ ತಗುಲದಂತಹ ಒರೆ, ಒಂದು ಸಾಣೆಕಲ್ಲು, ಇವು ಜೊತೆಯಲ್ಲಿರಲಿ. ಉರುಳಿನ ತಂತಿಗೆ ಕತ್ತಿ ಸಲ್ಲದು, ಅಲಗು ಮುರಿಯುತ್ತದೆ; ಅದಕ್ಕಾಗಿ ತಂತಿ ಕತ್ತರಿಸುವ ಇಕ್ಕಳವನ್ನೂ ಸೇರಿಸಬೇಕು. ಆನೆ ಹುಲಿಗಳನ್ನು ಎದುರಿಸಲು ಇದು ಆಯುಧವಲ್ಲವೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಕೊಡುವ ಮಾರ್ಗವೂ ನೇರವಾಗಿರಬೇಕು. ವನ್ಯಜೀವಿ ಕಾಯಿದೆಗೆ 2006ರಲ್ಲಿ ಆದ ತಿದ್ದುಪಡಿಯಂತೆ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಪ್ರತಿಷ್ಠಾನಗಳು ಏರ್ಪಟ್ಟಿದ್ದು, ಅವು ದಾನವನ್ನು ಸ್ವೀಕರಿಸಬಲ್ಲುವು. ಉಳಿದ ಕಡೆ ವಲಯ ಅರಣ್ಯಾಧಿಕಾರಿಯನ್ನು ಕಂಡು, ಲೆಕ್ಕದ ಪುಸ್ತಕದಲ್ಲಿ ಬರೆಯಿಸಿಯೇ ಕೊಡತಕ್ಕದ್ದು. ಸಮಾರಂಭದಲ್ಲಿ ಹಂಚಿದ ಕತ್ತಿ ಕಚೇರಿಯ ಬೀರುವಿನಲ್ಲಿ ಉಳಿದರೆ ಫಲವೇನು? ದಿನಗೂಲಿಯ ಕಾವಲುಗಾರನವರೆಗೆ ಅದು ತಲುಪಿತೇ ಎಂದು ವಿಚಾರಿಸುವುದು ದಾನಿಯ ಕರ್ತವ್ಯವೇ ಸರಿ.

ಮಹಾನವಮಿಯಂದು ನಾವು ಮನೆಯ ಕುಡುಗೋಲು, ಈಳಿಗೆಮಣೆ, ವಾಹನಗಳಿಗೆ ಹೂವೇರಿಸಿ ಆಯುಧಪೂಜೆ ಮಾಡುತ್ತೇವೆ. ನಾಲ್ಕಾರು ಗೆಳೆಯರು ಕೂಡಿ, ಅಂದು ತಾವು ಪೂಜಿಸುವ ಆಯುಧಗಳ ನಡುವೆ ಊರ ಕಮ್ಮಾರನಿಂದ ಮಾಡಿಸಿದ ಹತ್ತು ಕತ್ತಿಗಳನ್ನಿಟ್ಟು, ಹಬ್ಬ ಕಳೆದ ಮೇಲೆ ಕಾಡಿಗೆ ಕಳುಹಿಸಲಿ. ಕುಲುಮೆಯವನಿಗೆ ಕೆಲಸ ದೊರೆಯುತ್ತದೆ. ಬೇಸಗೆಯ ಬೆಂಕಿರೇಖೆಯ ಕೆಲಸ ತೊಡಗುವ ಹೊತ್ತಿಗೆ ಕಾಯುವವನ ಕೈಗೆ ಹರಿತವಾದ ಕತ್ತಿಯೂ ಸೇರಿರುತ್ತದೆ.