ಗೂಗ್ಲಿ ಹಂಚಿದ ರೆಜಿ ಶ್ವಾರ್ಟ್ಸ್

1906ರ ಜನವರಿ 4. ಜೋಹಾನ್ಸ್‌ಬರ್ಗ್‌ನ ಹಳೆಯ ವಾಂಡರರ್ಸ್ ಮೈದಾನ. ಇಂಗ್ಲೆಂಡ್ ವಿರುದ್ಧ ಗೆಲ್ಲಲು 284 ರನ್ ಬೇಕಿದ್ದ ದಕ್ಷಿಣ ಆಫ್ರಿಕಾದ ಒಂಬತ್ತನೇ ವಿಕೆಟ್ 239ಕ್ಕೆ ಉರುಳಿತು. ಇನ್ನೂ 45 ರನ್ ಬೇಕು, ಕೈಯಲ್ಲಿರುವುದು ಒಂದೇ ವಿಕೆಟ್. ಡೇವ್ ನರ್ಸ್ ಜೊತೆ ಕ್ರೀಸಿನಲ್ಲಿದ್ದವರು ಹನ್ನೊಂದನೆಯವರಾಗಿ ಬಂದ ನಾಯಕ ಪರ್ಸಿ ಶೆರ್ವೆಲ್. ಇಬ್ಬರೂ ಕದಲಲಿಲ್ಲ. ನರ್ಸ್ ಅಜೇಯ 93. ಟೆಸ್ಟ್ ಆಡಲು ಶುರುಮಾಡಿ ಹದಿನೇಳು ವರ್ಷಗಳಾದ ಮೇಲೆ ಆ ತಂಡ ಮೊದಲ ಬಾರಿಗೆ ಗೆದ್ದಿತು. ಐದು ಪಂದ್ಯಗಳ ಆ ಸರಣಿಯನ್ನು 4–1ರಿಂದ ತನ್ನದಾಗಿಸಿಕೊಂಡಿತು.

ಆ ಹನ್ನೊಂದು ಮಂದಿಯಲ್ಲಿ ಗೂಗ್ಲಿ ಎಸೆಯಬಲ್ಲವರು ನಾಲ್ವರಿದ್ದರು. ಬರ್ಟ್ ವೋಗ್ಲರ್, ಆಬ್ರಿ ಫಾಕ್ನರ್, ಗಾರ್ಡನ್ ವೈಟ್ ಎಂಬ ಮೂವರು, ಮತ್ತು ಆ ಮೂವರಿಗೂ ದಾರಿ ತೋರಿಸಿದ ರೆಜಿ ಶ್ವಾರ್ಟ್ಸ್. ಈ ಬೆಳಗಿನ ಚಿಂತನ ಅವರ ಕುರಿತು.

ಶ್ವಾರ್ಟ್ಸ್ ಹುಟ್ಟಿದ್ದು 1875ರಲ್ಲಿ, ಲಂಡನ್ನಿನ ಸೆರಗಿನಲ್ಲಿದ್ದ ಲೀ ಎಂಬಲ್ಲಿ. ಕೇಂಬ್ರಿಜ್‌ನಲ್ಲಿ ಓದುವಾಗ ಅವರಿಗೆ ಹೆಸರು ತಂದದ್ದು ಕ್ರಿಕೆಟ್ ಅಲ್ಲ, ರಗ್ಬಿ. ಹಾಫ್‌ಬ್ಯಾಕ್ ಆಗಿ 1899 ಮತ್ತು 1901ರಲ್ಲಿ ಇಂಗ್ಲೆಂಡ್ ಪರ ಮೂರು ಅಂತಾರಾಷ್ಟ್ರೀಯ ರಗ್ಬಿ ಪಂದ್ಯ ಆಡಿದರು. ಕ್ರಿಕೆಟ್‌ನಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಗೆ ಆಗೊಮ್ಮೆ ಈಗೊಮ್ಮೆ ಆಡುತ್ತಿದ್ದ ಸಾಧಾರಣ ಆಟಗಾರ, ಅಷ್ಟೆ. ಆಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿ, ಚಿನ್ನದ ಗಣಿಗಳ ಧನಿಕ ಏಬ್ ಬೈಲಿಯವರ ಕಾರ್ಯದರ್ಶಿಯಾದರು. ಟ್ರಾನ್ಸ್‌ವಾಲ್ ಪ್ರಾಂತ್ಯದ ತಂಡಕ್ಕೆ ಆಡತೊಡಗಿದರು.

ಮಿಡ್ಲ್‌ಸೆಕ್ಸ್‌ನಲ್ಲಿ ಅವರ ಜೊತೆಗಾರರಾಗಿದ್ದವರು ಬರ್ನಾರ್ಡ್ ಬೋಸಾಂಕೆ. ಮೇಜಿನ ಮೇಲೆ ಟೆನಿಸ್ ಚೆಂಡು ತಿರುಗಿಸುವ ಆಟವಾಡುತ್ತ ಬೋಸಾಂಕೆ ಒಂದು ಹೊಸ ಎಸೆತವನ್ನು ಕಂಡುಕೊಂಡಿದ್ದರು. ಅದೇ ಗೂಗ್ಲಿ. ಲೆಗ್ ಬ್ರೇಕ್ ಹಾಕುವಂತೆಯೇ ತೋಳು ಬೀಸಬೇಕು. ಆದರೆ ಮಣಿಕಟ್ಟನ್ನು ಇನ್ನಷ್ಟು ಮಡಿಸಿ, ಚೆಂಡನ್ನು ಕೈಯ ಹಿಂಬದಿಯಿಂದ ಬಿಡಬೇಕು. ಹೊರಕ್ಕೆ ಹೋಗುತ್ತದೆ ಎಂದು ಬ್ಯಾಟ್ಸ್‌ಮನ್ ಕಾದಿದ್ದರೆ ಚೆಂಡು ಒಳಕ್ಕೆ ನುಗ್ಗುತ್ತದೆ. 1900ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇದಕ್ಕೆ ಮೊದಲು ಸಿಕ್ಕಿಬಿದ್ದವರು ಲೆಸ್ಟರ್‌ಶೈರ್‌ನ ಸ್ಯಾಮ್ ಕೋ. 98 ರನ್ ಗಳಿಸಿದ್ದ ಅವರು ನಾಲ್ಕು ಪುಟ ನೆಗೆದು ಬಂದ ಚೆಂಡಿಗೆ ಸ್ಟಂಪ್ ಆದರು!

ನೋಡಿದವರು ನಕ್ಕಿರಬಹುದು. ಶ್ವಾರ್ಟ್ಸ್ ಮಾತ್ರ ಬೋಸಾಂಕೆಯವರಿಂದ ಅದನ್ನು ಕಲಿತರು. 1904ರಲ್ಲಿ ದಕ್ಷಿಣ ಆಫ್ರಿಕಾ ತಂಡದೊಂದಿಗೆ ಇಂಗ್ಲೆಂಡಿಗೆ ಬಂದಾಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿರುದ್ಧ ಪ್ರಯೋಗಿಸಿ, 27 ರನ್ನಿಗೆ 5 ವಿಕೆಟ್ ಕಿತ್ತರು. ಅಷ್ಟು ದಿನ ಬ್ಯಾಟ್ಸ್‌ಮನ್ ಅನ್ನಿಸಿಕೊಂಡಿದ್ದವರು ಬೌಲರ್ ಆಗಿ ಮನೆಗೆ ಮರಳಿದರು. ದಕ್ಷಿಣ ಆಫ್ರಿಕಾದ ಚಾಪೆ ಹಾಸಿದ ಮ್ಯಾಟಿಂಗ್ ಪಿಚ್‌ಗಳ ಮೇಲೆ ಅವರ ಚೆಂಡು ಇನ್ನೂ ಎತ್ತರಕ್ಕೆ ಪುಟಿಯುತ್ತಿತ್ತು, ಇನ್ನೂ ಹೆಚ್ಚು ತಿರುಗುತ್ತಿತ್ತು.

ಇಂಥ ಗುಟ್ಟು ಕೈಗೆ ಸಿಕ್ಕವರು ಏನು ಮಾಡಬಹುದು? ಬಚ್ಚಿಟ್ಟುಕೊಳ್ಳಬಹುದು. ತಂಡದಲ್ಲಿ ತನ್ನ ಜಾಗ ಭದ್ರವಾಗಿರಲಿ ಎಂದು ಯಾರಾದರೂ ಬಯಸುವುದು ಸಹಜವೇ. ಶ್ವಾರ್ಟ್ಸ್ ಹಾಗೆ ಮಾಡಲಿಲ್ಲ. ವೋಗ್ಲರ್, ಫಾಕ್ನರ್, ವೈಟ್ ಮೂವರೂ ಅವರನ್ನು ನೋಡಿ, ಕೇಳಿ ಕಲಿತರು. ಗಮನಿಸಬೇಕಾದ್ದೆಂದರೆ, ಶ್ವಾರ್ಟ್ಸ್ ಎಸೆಯುತ್ತಿದ್ದುದು ಗೂಗ್ಲಿಯನ್ನು ಮಾತ್ರ. ಎರಡೂ ಕಡೆಗೆ ತಿರುಗಿಸುವ ವಿದ್ಯೆ ಅವರಿಗೆ ಒಲಿಯಲಿಲ್ಲ. ವೋಗ್ಲರ್ ಮತ್ತು ಫಾಕ್ನರ್‌ಗೆ ಅದು ಒಲಿಯಿತು. 1907ರಲ್ಲಿ ಲೀಡ್ಸ್ ಟೆಸ್ಟಿನಲ್ಲಿ ಫಾಕ್ನರ್ 17 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 76ಕ್ಕೆ ಕೆಡವಿದರು. 1909–10ರ ಸರಣಿಯಲ್ಲಿ ವೋಗ್ಲರ್ 36 ವಿಕೆಟ್ ತೆಗೆದರು. ಕಲಿಸಿದವರಿಗಿಂತ ಕಲಿತವರು ಮುಂದೆ ಹೋದರು. ಶ್ವಾರ್ಟ್ಸ್ ಅವರ ನಿಜವಾದ ದೊಡ್ಡತನ ಕಾಣುವುದು ಇಲ್ಲೇ.

ಹಾಗೆಂದು ಅವರೇನು ಸಣ್ಣ ಬೌಲರ್ ಅಲ್ಲ. 1907ರ ಇಂಗ್ಲೆಂಡ್ ಪ್ರವಾಸದಲ್ಲಿ 130ಕ್ಕೂ ಹೆಚ್ಚು ವಿಕೆಟ್ ಪಡೆದರು. ಮರುವರ್ಷ ಕ್ರಿಕೆಟ್ ವಾರ್ಷಿಕ ಗ್ರಂಥ ವಿಸ್ಡನ್ ಹೆಸರಿಸಿದ ವರ್ಷದ ಐವರು ಕ್ರಿಕೆಟಿಗರಲ್ಲಿ ಶ್ವಾರ್ಟ್ಸ್ ಇದ್ದರು, ಪಕ್ಕದಲ್ಲೇ ವೋಗ್ಲರ್ ಕೂಡ ಇದ್ದರು. ಒಟ್ಟು 20 ಟೆಸ್ಟ್‌ಗಳಲ್ಲಿ ಅವರ ಗಳಿಕೆ 55 ವಿಕೆಟ್.

ಆ ಕಾಲದ ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ಈ ವಿದ್ಯೆ ಹರಿದದ್ದು ಬಿಳಿಯರ ತಂಡದೊಳಗೆ ಮಾತ್ರ. ವೇಗದ ಬೌಲರ್ ಕ್ರೋಮ್ ಹೆಂಡ್ರಿಕ್ಸ್ ಅವರನ್ನು ಬಿಳಿಯರಲ್ಲ ಎಂಬ ಒಂದೇ ಕಾರಣಕ್ಕೆ 1894ರ ಇಂಗ್ಲೆಂಡ್ ಪ್ರವಾಸದಿಂದ ಹೊರಗಿಟ್ಟಿದ್ದರು. ಆ ಅನ್ಯಾಯ ಆ ಮೈದಾನಗಳ ಮೇಲೆ ಮುಂದೆಯೂ ದಶಕಗಟ್ಟಲೆ ಉಳಿಯಿತು.

ಮೊದಲ ಮಹಾಯುದ್ಧ ಬಂತು. ನಲವತ್ತರ ಹತ್ತಿರವಿದ್ದ ಶ್ವಾರ್ಟ್ಸ್ ಸೈನ್ಯ ಸೇರಿದರು. ಮೊದಲು ಜರ್ಮನ್ನರ ಹಿಡಿತದಲ್ಲಿದ್ದ ನೈಋತ್ಯ ಆಫ್ರಿಕಾದಲ್ಲಿ, ಆಮೇಲೆ ಫ್ರಾನ್ಸಿನಲ್ಲಿ ಹೋರಾಡಿದರು. ಗಾಯಗೊಂಡರು, ಮಿಲಿಟರಿ ಕ್ರಾಸ್ ಪಡೆದರು, ಮೇಜರ್ ಆದರು. ಗುಂಡುಗಳಿಂದ ಪಾರಾದ ಅವರನ್ನು ಇನ್‌ಫ್ಲುಯೆಂಜಾ ಬಿಡಲಿಲ್ಲ. 1918ರ ನವೆಂಬರ್ 18ರಂದು, ಕದನ ವಿರಾಮವಾಗಿ ಏಳೇ ದಿನಕ್ಕೆ, ಫ್ರಾನ್ಸಿನ ಎತಾಪ್ಲ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 43 ವರ್ಷ. ಗಾರ್ಡನ್ ವೈಟ್ ಅದಕ್ಕೆ ಒಂದು ತಿಂಗಳ ಮೊದಲೇ ಗಾಜಾದಲ್ಲಿ ಅಸುನೀಗಿದ್ದರು.

ಯುದ್ಧದಿಂದ ಬದುಕಿ ಬಂದ ಫಾಕ್ನರ್ 1920ರ ದಶಕದಲ್ಲಿ ಲಂಡನ್ನಿನಲ್ಲಿ ಕ್ರಿಕೆಟ್ ಶಾಲೆ ತೆರೆದರು. ತಾವು ಕಲಿತದ್ದನ್ನು ಹುಡುಗರಿಗೆ ಕಲಿಸಿದರು. ಅಲ್ಲಿ ಪಳಗಿದವರಲ್ಲಿ ಡಗ್ ರೈಟ್ ಒಬ್ಬರು. ಕೆಂಟ್ ಮತ್ತು ಇಂಗ್ಲೆಂಡ್ ಪರ ಲೆಗ್ ಬ್ರೇಕ್ ಮತ್ತು ಗೂಗ್ಲಿ ಎಸೆದ ರೈಟ್, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಏಳು ಬಾರಿ ಹ್ಯಾಟ್ರಿಕ್ ಸಾಧಿಸಿದರು. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.