ಕೈ ತೆಗೆಯುವ ಹೊತ್ತು



ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವ ಹಳೆಯ ಕ್ರಮ ಹೊಸೂರು ಸೀಮೆಯ ಹಿರಿಯರಿಗೆ ಗೊತ್ತೇ ಇದೆ. ಮೊದಲು ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣ ಸೋರೆಬುರುಡೆ. ಮಗು ಪಳಗಿದಂತೆ ಬುರುಡೆ ಹೋಗುತ್ತದೆ, ಹಗ್ಗ ಸಡಿಲವಾಗುತ್ತದೆ. ಕಡೆಗೊಂದು ದಿನ ಹಗ್ಗವೂ ಇರುವುದಿಲ್ಲ. ಆ ದಿನವೇ ಕಠಿಣ. ಮಗುವಿಗೂ, ಹಗ್ಗ ಹಿಡಿದವರಿಗೂ.

1982ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಿಶಾ ಮಿಲ್ಲೆಟ್ ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವುದರಿಂದ ಪಾರಾದವರು. ಆ ಭಯ ನೀಗಲೆಂದು ತಂದೆಯೇ 1991ರಲ್ಲಿ ಚೆನ್ನೈನ ಶೆಣೈನಗರದಲ್ಲಿ ಈಜು ಕಲಿಸಿದರು. ಮುಂದೆ ಬೆಂಗಳೂರಿನ ಬಸವನಗುಡಿಯಲ್ಲಿ ಪಳಗಿದ ಆಕೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಅರ್ಜುನ ಪ್ರಶಸ್ತಿಯೂ ಸಂದಿತು.

ಹೆದರಿದ ಮಗು ತಲೆ ಎತ್ತುತ್ತದೆ. ತಲೆ ಎತ್ತಿದೊಡನೆ ಕಾಲು ಮುಳುಗುತ್ತದೆ. ಉಸಿರು ತುಂಬಿಕೊಂಡು ಮುಖವನ್ನು ನೀರಿಗಿಟ್ಟರೆ ದೇಹ ತೇಲುತ್ತದೆ. ಇದು ಮಾತಿನಿಂದ ಬರುವ ವಿದ್ಯೆಯಲ್ಲ. ಮಗುವಿನ ಮೈಗೇ ತಿಳಿಯಬೇಕು. ಆದ್ದರಿಂದ ಹೊಟ್ಟೆಯಡಿಯ ಅಂಗೈ ಮೊದಲು ಎರಡು ಬೆರಳಾಗಲಿ, ಬಳಿಕ ಮುಟ್ಟದೆ ಕೆಳಗಿರಲಿ. ಕೈ ತೆಗೆಯುವ ಮುನ್ನ ಮಗುವಿಗೆ ಹೇಳಿಯೇ ತೆಗೆಯಬೇಕು. ಮೋಸದಿಂದ ಬಿಟ್ಟು ಮಗು ನೀರು ಕುಡಿದರೆ ಮರುದಿನ ಆ ಕೈಯನ್ನು ಅದು ನಂಬದು. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಹಂಗಿಸುವುದೂ ಸಲ್ಲದು.

ಕೈ ತೆಗೆಯುವುದೆಂದರೆ ಕಣ್ಣು ತೆಗೆಯುವುದಲ್ಲ. ಈಜು ಬಲ್ಲ ಹಿರಿಯರು ಕೈಗೆಟುಕುವಷ್ಟು ಹತ್ತಿರದಲ್ಲಿಲ್ಲದೆ ಯಾವ ಮಗುವೂ ಬಾವಿಗೆ, ಕೆರೆಗೆ ಇಳಿಯಬಾರದು. ಆಸರೆ ಕೊಡುವುದು ವಾತ್ಸಲ್ಯ. ಹೊತ್ತರಿತು ಆಸರೆಯನ್ನು ಹಿಂತೆಗೆಯುವುದೂ ವಾತ್ಸಲ್ಯವೇ.

ಮಕ್ಕಳೆಲ್ಲರಿಗೂ ಕ್ಷೇಮವಾಗಲಿ.