ತಿರುಗಾಡಲಿಕ್ಕೂ ಓದಬೇಕೇ?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾವು ಈ ಶಾಲೆಯಲ್ಲಿ ಓದುವಾಗ ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ಪ್ರವಾಸಿ ಬಸ್ಸುಗಳು ನಮ್ಮೂರ ಮುಂದೆಯೇ ಹಾದುಹೋಗುತ್ತಿದ್ದವು. ನಾವು ಕೈ ಬೀಸುತ್ತಿದ್ದೆವು. ಒಂದು ಬಸ್ಸೂ ನಿಲ್ಲುತ್ತಿರಲಿಲ್ಲ. ಪಿಯುಸಿ ಮುಗಿದ ಮೇಲೆ ನಾನು ಪ್ರವಾಸೋದ್ಯಮದ ಡಿಪ್ಲೊಮಾ ಓದುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು: “ತಿರಗಾಡಾಕೂ ಸಾಲಿ ಐತೇನವ್ವಾ?” ಆ ಪ್ರಶ್ನೆಗೆ ಇಂದು ನಿಮ್ಮೆಲ್ಲರ ಮುಂದೆ ಉತ್ತರ ಹೇಳಲು ನಿಂತಿದ್ದೇನೆ.

ನಾವು ಓದಿದ್ದು ತಿರುಗಾಡುವುದನ್ನಲ್ಲ, ಬೇರೆಯವರನ್ನು ಜೋಪಾನವಾಗಿ ತಿರುಗಾಡಿಸುವುದನ್ನು. ಮೊದಲ ಪಾಠ ವಿಮಾನ ನಿಲ್ದಾಣಗಳ ಸಂಕೇತಗಳು. ಹುಬ್ಬಳ್ಳಿ ‘ಎಚ್‌ಬಿಎಕ್ಸ್’, ಬೆಳಗಾವಿ ‘ಐಎಕ್ಸ್‌ಜಿ’, ಮಂಗಳೂರು ‘ಐಎಕ್ಸ್‌ಇ’. ಕೊನೆಯ ಒಂದಕ್ಷರ ತಪ್ಪಿದರೆ ಬೆಳಗಾವಿಯ ಟಿಕೆಟ್ ಮಂಗಳೂರಿನದಾಗುತ್ತದೆ. ನಮ್ಮಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಮಸ್ಕತ್ತಿನಲ್ಲಿ 8.30. ಇಲ್ಲಿ ಭೂಗೋಳದ ಮೇಷ್ಟ್ರು ಗ್ಲೋಬ್ ತಿರುಗಿಸಿ ಹೇಳಿದ ರೇಖಾಂಶದ ಪಾಠ ಅಲ್ಲಿ ನನ್ನ ಕೈ ಹಿಡಿಯಿತು.

ಆಮೇಲೆ ಲೆಕ್ಕ. ಬಸ್ಸಿನ ಬಾಡಿಗೆ ಹತ್ತು ಜನರಿಗೂ ಒಂದೇ, ಇಪ್ಪತ್ತು ಜನರಿಗೂ ಒಂದೇ. ಊಟ, ಪ್ರವೇಶ ಶುಲ್ಕ ತಲೆಗೆ ಇಷ್ಟೆಂದು. ಇವೆರಡನ್ನೂ ಬೇರೆಬೇರೆ ಹಿಡಿಯದಿದ್ದರೆ ನಷ್ಟ ನಮ್ಮದೇ. ನಾನು ಬರೆದ ಮೊದಲ ಪ್ರವಾಸ ಯೋಜನೆ ನಮ್ಮ ಬಾದಾಮಿಯದೇ. ಶುಕ್ರವಾರ ವಸ್ತುಸಂಗ್ರಹಾಲಯ ಎಂದು ಬರೆದಿದ್ದೆ. ಅಂದು ಅದಕ್ಕೆ ರಜೆ! ಸುಡು ಮಧ್ಯಾಹ್ನ ಗುಹೆಗಳ ಮೆಟ್ಟಿಲು ಹತ್ತಿಸಿದ್ದೆ. “ನಿಮ್ಮ ಅಜ್ಜಿಯನ್ನು ಹೀಗೆ ಕರೆದೊಯ್ಯುತ್ತೀಯಾ?” ಎಂದು ಕೇಳಿದ ಉಪನ್ಯಾಸಕರು ಹಾಳೆಯನ್ನೇ ಹಿಂದಿರುಗಿಸಿದರು.

ಆದರೆ ನಿಜವಾದ ಪಾಠ ಕಲಿತದ್ದು ತರಬೇತಿಗೆಂದು ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿಗೆ ಸೇರಿದಾಗ. ನಮ್ಮ ಜಿಲ್ಲೆಯ ಒಬ್ಬ ತಾಯಿ ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೊರಟಿದ್ದರು. ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು. ನಾನು ‘ಅಮ್ಮ’ ಎಂದು ಟೈಪ್ ಮಾಡಿದ್ದೆ. ಬೆಂಗಳೂರಿಗೆ ಬಂದ ಆರು ತಿಂಗಳಲ್ಲಿ ನನಗೆ ‘ಅವ್ವ’ ಎನ್ನಲು ನಾಚಿಕೆಯಾಗತೊಡಗಿತ್ತು, ಅದೇ ಬೆರಳಿಗೂ ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದರು. ವಿಮಾನ ಹೋಯಿತು. ಮರುದಿನ ಬೇರೆ ಟಿಕೆಟ್ ಆಯಿತು, ಆದರೆ ಮೊಮ್ಮಗು ಹುಟ್ಟಿದ ಗಳಿಗೆಯಲ್ಲಿ ಅವರು ಮಗಳ ಹತ್ತಿರ ಇರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. “ತಂಗಿ, ನನಗ ಓದಾಕ ಬರೂದಿಲ್ಲ. ನೀ ಓದಿದಾಕಿ, ನೋಡಿ ಕೊಟ್ಟಿರ್ತಿ ಅಂತ ತಿಳಕೊಂಡಿದ್ದೆ” ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಕನ್ನಡ ಟೀಚರ್ ಉಕ್ತಲೇಖನದಲ್ಲಿ ಒಂದಕ್ಷರ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಅಂದಿನಿಂದ ಪ್ರತಿ ಹೆಸರನ್ನೂ ಅಕ್ಷರ ಅಕ್ಷರ ಬಿಡಿಸಿ ಓದಿ, ಅವರಿಂದಲೇ ಹೌದೆನ್ನಿಸಿಕೊಂಡ ಮೇಲೆಯೇ ಟಿಕೆಟ್ ಮಾಡುತ್ತೇನೆ.

ಈಗ ನಾನು ನಮ್ಮ ಸೀಮೆಗೇ ಪ್ರವಾಸಿಗರನ್ನು ಕರೆತರುತ್ತೇನೆ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಎರಡನೇ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ಕಟ್ಟಿಸಿದವಳು ರಾಣಿ ಲೋಕಮಹಾದೇವಿ ಎಂದಾಗ ಬಂದವರು ಮತ್ತೊಮ್ಮೆ ತಲೆಯೆತ್ತಿ ಶಿಖರ ನೋಡುತ್ತಾರೆ. ಮಧ್ಯಾಹ್ನ ನನ್ನ ಬಸ್ಸು ನಮ್ಮೂರಲ್ಲಿ ನಿಲ್ಲುತ್ತದೆ. ನಮ್ಮ ತಾಯಂದಿರು ಬಡಿಸುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ದುಡ್ಡು ಅವರ ಕೈಗೇ ಸೇರುತ್ತದೆ.

ಪಾಲಕರಿಗೆ ಒಂದು ಮಾತು. ಅಂಕ ಕಡಿಮೆ ಬಂದವರಿಗೆ ಮಾತ್ರ ಇಂಥ ಓದು ಎಂದು ತಿಳಿಯಬೇಡಿ. ಮನೆಯಿಂದ ದೂರ ಕಳಿಸಲಾಗದಿದ್ದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ರವಾಸೋದ್ಯಮ ಡಿಪ್ಲೊಮಾ ಇದೆ, ಪಿಯುಸಿ ಆದವರು ದೂರಶಿಕ್ಷಣದಲ್ಲೇ ಓದಬಹುದು. ಖಾಸಗಿ ಸಂಸ್ಥೆಗೆ ಶುಲ್ಕ ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ: ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ? ಕೆಲಸದ ತರಬೇತಿ ಎಲ್ಲಿ, ಎಷ್ಟು ದಿನ? ಹಿಂದಿನ ವರ್ಷ ಓದಿದವರು ಈಗ ಎಲ್ಲಿದ್ದಾರೆ? ಉತ್ತರ ಬಾರದಿದ್ದರೆ ದುಡ್ಡು ಕಟ್ಟಬೇಡಿ.

ಅಪ್ಪ ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅಪ್ಪಾ, ತಿರುಗಾಡಲಿಕ್ಕೆ ಸಾಲಿ ಬೇಕಿಲ್ಲ. ನಮ್ಮನ್ನು ನಂಬಿ ಮನೆ ಬಿಟ್ಟು ಹೊರಟವರನ್ನು ಮುಟ್ಟಿಸಲಿಕ್ಕೆ ಬೇಕು. ಆ ಸಾಲಿಯ ಮೊದಲ ತರಗತಿ ನನಗೆ ಇಲ್ಲೇ, ಈ ಶಾಲೆಯಲ್ಲೇ ಆಯಿತು.